ಚರಿತ್ರೆ ಮಿಸ್ಸಿನ ಬೀರು

ಮಾರೇತಾ ಮಿಸ್ ನಮ್ಮ ವಾಯ್‌ಸೀನಾ ಹೈಸ್ಕೂಲಿಗೆ ಚರಿತ್ರೆ ಕಲಿಸಲು ಬಂದದ್ದು ಹಳೆಯ ತುಯಿವಾಯ್ ತೀರಿಕೊಂಡ ಮೂರನೆಯ ತಿಂಗಳಿಗೆ. ಊರಿನವರಿಗೆ ಅಷ್ಟು ಸಾಕಾಯಿತು. ತುಯಿವಾಯ್ ಅನ್ನುವುದು ಮನುಷ್ಯನ ಹೆಸರಲ್ಲ, ಬಿರುದು. ಊರಿನ ದೊಡ್ಡ ಯಜಮಾನನಿಗೆ ಸಲ್ಲುವಂಥದು. ಅದನ್ನು ಹೊತ್ತವನ ಮಾತು ಸಮುದ್ರದ ದಂಡೆಯಿಂದ ಮೇಲಿನ ಕಾಡಿನ ತನಕ ಎಲ್ಲ ಜಮೀನಿನ ಮೇಲೂ ನಡೆಯುತ್ತದೆ. ಅಂಥ ಬಿರುದು ಖಾಲಿ ಬಿದ್ದಿರುವಾಗ ಊರಿಗೆ ಬಂದ ಹೊಸಬರನ್ನು ನಮ್ಮ ಜನ ಎರಡು ಸಲ ನೋಡುತ್ತಾರೆ, ಮೂರನೆಯ ಸಲ ನೋಡಲು ನೆರೆಮನೆಯವರನ್ನು ಕಳಿಸುತ್ತಾರೆ.

ನಾನು ಅದೇ ಶಾಲೆಯಲ್ಲಿ ಗಣಿತದ ಮೇಷ್ಟ್ರು, ಹೆಸರು ಇಯಾಕೊಪೊ. ಆಗ ನನಗೆ ಇಪ್ಪತ್ತೆಂಟು. ಮಾರೇತಾ ಮಿಸ್‌ಗೆ ನಲವತ್ತು ದಾಟಿತ್ತು. ಉಪೋಲು ದ್ವೀಪದಿಂದ ದೋಣಿಯಲ್ಲಿ ಬಂದಿಳಿದಾಗ ಅವರ ಕೈಯಲ್ಲಿದ್ದದ್ದು ಎರಡು ಚಾಪೆ, ಒಂದು ಸೂಟ್‌ಕೇಸು, ಒಂದು ರಟ್ಟಿನ ಪೆಟ್ಟಿಗೆ ತುಂಬ ಪುಸ್ತಕ. ಮದುವೆಯಾಗಿರಲಿಲ್ಲ. ಗಟ್ಟಿ ಮೈಕಟ್ಟು, ಮೆಲ್ಲಗಿನ ದನಿ. ಯಾರಾದರೂ ಏನಾದರೂ ಹೇಳಿದರೆ ತಲೆಯಾಡಿಸುತ್ತಿರಲಿಲ್ಲ. ಹೇಳಿದವರ ಮುಖವನ್ನು ಸ್ವಲ್ಪ ಹೊತ್ತು ನೋಡುತ್ತಿದ್ದರು. ಆ ನೋಟ ಊರಿನ ಹೆಂಗಸರಿಗೆ ಹಿಡಿಸಲಿಲ್ಲ.

ಎರಡನೆಯ ವಾರಕ್ಕೆ ನಮ್ಮತ್ತೆ ಬಸ್ಸಿನಿಂದ ಸುದ್ದಿ ಹೊತ್ತು ತಂದಳು.

"ಆ ಚರಿತ್ರೆ ಮಿಸ್ಸು ಇದ್ದಾಳಲ್ಲ, ಅವಳಪ್ಪ ಹುಟ್ಟಿದ್ದು ಇದೇ ಊರಲ್ಲಂತೆ. ಆರು ತಿಂಗಳ ಮಗು ಇದ್ದಾಗ ದತ್ತು ಕೊಟ್ಟು ಉಪೋಲುಗೆ ಸಾಗಿಸಿದ್ರಂತೆ. ತುಯಿವಾಯ್ ಕಡೆಯ ರಕ್ತವಂತೆ."

"ಯಾರು ಹೇಳಿದ್ರು?" ಅಂದ ನಮ್ಮ ಮಾವ.

"ಬಸ್ಸಲ್ಲಿ ಹೇಳಿದ್ರು."

"ಬಸ್ಸು ಹೇಳ್ತಾ? ಬಸ್ಸಿಗೆ ಬಾಯಿದೆಯಾ?"

ಹಾಗಂದರೂ ಮಾವ ಬೀಸಣಿಗೆ ಆಡಿಸುವುದನ್ನು ನಿಲ್ಲಿಸಿಬಿಟ್ಟ. ನಮ್ಮ ಮಾವನ ಬಿರುದು ಲೀಗಾ. ಅಮ್ಮನ ಅಣ್ಣ, ನನ್ನನ್ನು ಓದಿಸಿದವನು. ಖಾಲಿ ಬಿದ್ದಿದ್ದ ತುಯಿವಾಯ್ ಬಿರುದಿಗೆ ಕೈ ಚಾಚಿದ್ದ ಇಬ್ಬರಲ್ಲಿ ಅವನೊಬ್ಬ. ಇನ್ನೊಬ್ಬ ಮೋಲಿಯಾ, ಚರ್ಚಿನ ಆಚೆ ಬದಿಯ ಮನೆತನದ ಹಿರಿಯ. ಎಪ್ಪತ್ತರ ಮುದುಕ, ನಗುಮುಖ, ಮಾತು ಕಡಿಮೆ. ಇಬ್ಬರೂ ಭಾನುವಾರ ಒಂದೇ ಬೆಂಚಿನಲ್ಲಿ ಕೂತು ಪ್ರಾರ್ಥನೆ ಮಾಡುತ್ತಿದ್ದರು. ಕಣ್ಣು ಮುಚ್ಚುತ್ತಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ.

ನಮ್ಮಲ್ಲಿ ಬಿರುದಿನ ಜಗಳ ಗೆಲ್ಲುವುದು ವಂಶಾವಳಿಯಿಂದ. ಯಾರು ಯಾರ ಮಗ, ಯಾವ ಹೆಂಡತಿಯ ಮಗ, ಹಿರಿಯನೋ ಕಿರಿಯನೋ ಎಲ್ಲ ಅದರಲ್ಲಿರುತ್ತದೆ. ಪ್ರತಿ ಮನೆಯಲ್ಲೂ ಒಂದು ಕಪ್ಪು ರಟ್ಟಿನ ಪುಸ್ತಕವಿದೆ. ಮದುವೆ ಸಾವುಗಳಿಗೆ ಕೊಡುವ ನವಿರು ಚಾಪೆಗಳ ಅಡಿಯಲ್ಲಿ, ಪೆಟ್ಟಿಗೆಯ ತಳದಲ್ಲಿ ಅದು ಕೂತಿರುತ್ತದೆ. ಪೆಟ್ಟಿಗೆಯ ಕೀಲಿ ಅಜ್ಜಿಯ ಸೊಂಟದಲ್ಲಿ. ಮನೆಗೆ ಬಂದ ಸೊಸೆಗೂ ಅದನ್ನು ತೋರಿಸುವುದಿಲ್ಲ. ನಾನು ಓದಿದವನು, ನಮ್ಮ ಮನೆಯದನ್ನೇ ಒಂದು ಸಲ ದೂರದಿಂದ ನೋಡಿದ್ದೆ ಅಷ್ಟೆ.

ಇಂಥ ಊರಿನಲ್ಲಿ ಮಾರೇತಾ ಮಿಸ್ ಒಂದು ಕೆಲಸ ಮಾಡಿದರು. ಹದಿಮೂರನೆಯ, ಅಂದರೆ ಶಾಲೆಯ ಕೊನೆಯ ಕ್ಲಾಸಿನ ಚರಿತ್ರೆಯಲ್ಲಿ ನೂರಕ್ಕೆ ಮೂವತ್ತು ಅಂಕ ಮಕ್ಕಳೇ ಹುಡುಕಿ ಬರೆದ ಬರಹಕ್ಕೆ ಸಲ್ಲುತ್ತದೆ. ಹಿಂದಿನ ಮೇಷ್ಟ್ರ ಕಾಲದಲ್ಲಿ ಮಕ್ಕಳು ಪಠ್ಯಪುಸ್ತಕದಿಂದಲೇ ಇಳಿಸುತ್ತಿದ್ದರು. ಜರ್ಮನರು ಬಂದರು, ನ್ಯೂಜಿಲೆಂಡಿನವರು ಬಂದರು, ಜ್ವರ ಬಂತು, ಎಲ್ಲರೂ ಸತ್ತರು, ಸ್ವಾತಂತ್ರ್ಯ ಬಂತು. ಮಿಸ್ ಅದನ್ನು ನಿಲ್ಲಿಸಿದರು.

"ನಿಮ್ಮ ಮನೇಲಿ ಅತಿ ಹಿರೀರು ಯಾರಿದ್ದಾರೋ ಅವರನ್ನ ಕೇಳಿ. ನಮ್ಮ ಮನೆತನ ಈ ಜಾಗಕ್ಕೆ ಹೇಗೆ ಬಂತು, ಯಾವಾಗ ಬಂತು, ಯಾರ ಜೊತೆ ಬಂತು. ಹೇಳಿದ್ದನ್ನ ಹೇಳಿದ ಹಾಗೇ ಬರೀರಿ."

ಅವರ ಕ್ಲಾಸಿಗೂ ನನ್ನ ಕ್ಲಾಸಿಗೂ ನಡುವೆ ಇದ್ದದ್ದು ಒಂದು ಪ್ಲೈವುಡ್ ಗೋಡೆ. ಕಪ್ಪುಹಲಗೆಯ ಮೇಲೆ ನಾನು ವರ್ಗಸಮೀಕರಣ ಬರೆಯುತ್ತಿದ್ದಾಗ ಆಚೆಯಿಂದ ಅವರ ದನಿ ಬರುತ್ತಿತ್ತು.

"ನಿನ್ನೆ ಗಂಟೆ ತಡವಾಗಿ ಹೊಡೀತು. ಯಾಕೆ?"

"ಕಾವಲುಗಾರ ನಿದ್ದೆ ಹೋಗಿದ್ದ, ಮಿಸ್."

"ನೀನು ನೋಡಿದೆಯಾ?"

"ಇಲ್ಲ. ಅಡುಗೆಯವಳು ಹೇಳಿದ್ಲು."

"ಅಡುಗೆಯವಳಿಗೂ ಕಾವಲುಗಾರನಿಗೂ ಮಾತಿದೆಯಾ?"

ಮಕ್ಕಳು ನಕ್ಕರು. ಅವರಿಬ್ಬರಿಗೂ ಮಾತು ಬಿಟ್ಟು ಎರಡು ವರ್ಷವಾಗಿತ್ತು, ಇಡೀ ಶಾಲೆಗೆ ಗೊತ್ತಿದ್ದ ಸಂಗತಿ.

"ಹಾಗಾದ್ರೆ ಆ ಮಾತು ಸುಳ್ಳು ಅಂತೀರಾ?"

ಯಾರೋ ಹುಡುಗಿ ಹೇಳಿದಳು: "ಸುಳ್ಳು ಅನ್ನೋಕಾಗಲ್ಲ ಮಿಸ್. ಇಟ್ಕೋಬೇಕು. ಪಕ್ಕದಲ್ಲಿ ಒಂದು ಪ್ರಶ್ನೆ ಹಾಕಿ ಇಟ್ಕೋಬೇಕು."

ಆ ದನಿ ಸೆಫಿನಾಳದು ಅಂತ ನನಗೆ ಗೊತ್ತಾಯಿತು. ಮೋಲಿಯಾನ ಮೊಮ್ಮಗಳು, ಹದಿನೇಳರ ಹುಡುಗಿ. ಅವಳು ನನ್ನ ಗಣಿತದಲ್ಲಿ ಬರೀ ಪಾಸಾಗುತ್ತಿದ್ದಳು. ಅಲ್ಲಿ ಅಷ್ಟು ಚುರುಕಾಗಿದ್ದದ್ದು ಕೇಳಿ ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತು ಅಂತ ಒಪ್ಪಿಕೊಳ್ಳುತ್ತೇನೆ.

ಹದಿನಾಲ್ಕು ಮಕ್ಕಳು, ಹದಿನಾಲ್ಕು ನೋಟ್‌ಬುಕ್ಕು. ಪ್ರತಿ ಶುಕ್ರವಾರ ಅವನ್ನು ಇಸಿದುಕೊಂಡು ಮಿಸ್ ತಮ್ಮ ಕ್ಲಾಸಿನ ಕಬ್ಬಿಣದ ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದರು. ಬೀಗ ಹಾಕಿದ್ದೇ ತಪ್ಪಾಯಿತು. ಬೀಗ ಇಲ್ಲದಿದ್ದರೆ ಮಕ್ಕಳ ಬರಹ ಅಂತ ಜನ ಬಿಟ್ಟುಬಿಡುತ್ತಿದ್ದರೇನೋ. ನಮ್ಮ ಮನೆಗಳಿಗೆ ಗೋಡೆಗಳೇ ಇಲ್ಲ, ಕಂಬಗಳ ಮೇಲೆ ಚಾವಣಿ ಅಷ್ಟೆ. ಅಂಥ ಊರಲ್ಲಿ ಬೀಗ ಕಂಡರೆ ಒಳಗೆ ಏನೋ ಇದೆ ಅಂತಲೇ ಅರ್ಥ.

ತಿಂಗಳು ಕಳೆಯುವುದರಲ್ಲಿ ಊರಿನ ಲೆಕ್ಕಾಚಾರ ಮುಗಿದಿತ್ತು. ಬಿರುದು ಖಾಲಿ. ತುಯಿವಾಯ್ ರಕ್ತದ ಹೆಂಗಸು. ಆಕ್ಲೆಂಡಿನಲ್ಲಿ ಅವಳಿಗೊಬ್ಬ ಅಣ್ಣ ಇದ್ದಾನೆ ಅನ್ನುವ ಸುದ್ದಿ. ಊರಿನ ಎಲ್ಲ ಮನೆತನದ ವಂಶಾವಳಿಯೂ ಮಕ್ಕಳ ಕೈಯಿಂದ ಅವಳ ಬೀರು ಸೇರುತ್ತಿದೆ. ಟೀಚರುಗಳ ಮನೆಗೆ ಸರದಿಯ ಮೇಲೆ ಕೆಸುವಿನ ಗೆಡ್ಡೆ, ತೆಂಗಿನಹಾಲಲ್ಲಿ ಬೇಯಿಸಿದ ಎಲೆಪೊಟ್ಟಣ ಕಳಿಸುವ ರೂಢಿ ನಮ್ಮಲ್ಲಿದೆ. ಮಾರೇತಾ ಮಿಸ್ ಮನೆಗೆ ಅದು ನಿಂತುಹೋಯಿತು. ಅವರು ಅಂಗಡಿಯ ಡಬ್ಬಿ ಮೀನು ತಿನ್ನತೊಡಗಿದರು. ಏನೂ ಕೇಳಲಿಲ್ಲ. ಕೇಳದಿದ್ದದ್ದೂ ಜನಕ್ಕೆ ಇನ್ನೊಂದು ಸಾಕ್ಷಿಯಾಯಿತು.

ಒಂದು ಭಾನುವಾರ ಚರ್ಚು ಮುಗಿಸಿ ಬಂದು ಊಟ ಮಾಡಿದ ಮೇಲೆ ಮಾವ ನನ್ನನ್ನು ಹತ್ತಿರ ಕರೆದ.

"ಆ ಪುಸ್ತಕಗಳನ್ನ ಎಲ್ಲಿಡ್ತಾಳೆ?"

"ಬೀರುನಲ್ಲಿ."

"ಕೀಲಿ?"

"ಅವರ ಚೀಲದಲ್ಲಿರುತ್ತೆ."

"ಮೋಲಿಯಾ ಮೊಮ್ಮಗಳೂ ಬರೆದಿದ್ದಾಳೆ ತಾನೆ?"

"ಬರೆದಿರ್ತಾಳೆ ಮಾವ. ಮಕ್ಕಳ ಬರಹ, ಅದರಲ್ಲಿ ಏನಿರುತ್ತೆ."

ಮಾವ ನನ್ನನ್ನೇ ನೋಡಿದ. "ನಿನ್ನ ಕಾಲೇಜಿಗೆ ಹಂದಿ ಮಾರಿದೋನು ನಾನು. ಅದರಲ್ಲಿ ಏನಿರುತ್ತೆ ಅಂತ ನಾನೊಂದು ದಿನ ಕೇಳಿದ್ನಾ?"

ನಾನು ಊಟದ ತಟ್ಟೆಗಳನ್ನು ಎತ್ತಿಕೊಂಡು ಎದ್ದೆ.

ಬುಧವಾರ ಮಧ್ಯಾಹ್ನ ಊಟದ ಹೊತ್ತಿನಲ್ಲಿ ಮಿಸ್ ಸ್ಟಾಫ್ ರೂಮಿನಲ್ಲಿ ಕೂತು ಬ್ರೆಡ್ಡಿನ ತುಂಡನ್ನು ಡಬ್ಬಿ ಮೀನಿನ ಎಣ್ಣೆಗೆ ಅದ್ದಿ ತಿನ್ನುತ್ತಿದ್ದರು. ನಾನು ಹೋಗಿ ನಿಂತೆ.

"ಮಿಸ್, ಗ್ರಾಫ್ ಹಾಳೆ ಬೇಕಿತ್ತು. ನಿಮ್ಮ ಬೀರುನಲ್ಲಿ ಇದೆಯೇನೋ ಅಂತ."

ಅವರು ನನ್ನ ಮುಖ ನೋಡಿದರು. ಕೈ ಎಣ್ಣೆಯಾಗಿದ್ದರಿಂದ ಮೊಣಕೈಯಿಂದಲೇ ಚೀಲ ನನ್ನ ಕಡೆ ತಳ್ಳಿದರು.

"ಪಕ್ಕದ ಜೇಬಲ್ಲಿದೆ. ಕೆಳಗಿನ ಖಾನೆ ನೋಡು. ಬೀಗ ಹಾಕೋದು ಮರೀಬೇಡ."

ನೋಟ್‌ಬುಕ್ಕುಗಳು ಮೇಲಿನ ಖಾನೆಯಲ್ಲಿ ದಾರ ಕಟ್ಟಿ ಕೂತಿದ್ದವು. ಸೆಫಿನಾಳದು ಮೇಲಿನಿಂದ ನಾಲ್ಕನೆಯದು. ಬಲಪುಟಗಳಲ್ಲೆಲ್ಲ ಶಾಯಿಯಲ್ಲಿ ದುಂಡಗೆ ಬರೆದಿದ್ದಳು. ಎಡಪುಟಗಳಲ್ಲಿ ಪೆನ್ಸಿಲ್ಲಿನ ಗೀಚಾಟ. ನನ್ನ ಕ್ಲಾಸಿನಲ್ಲಿ ನಾನೇ ಮಕ್ಕಳಿಗೆ ಹೇಳಿಕೊಟ್ಟದ್ದು ಅದು: ಲೆಕ್ಕ ಬಲಕ್ಕೆ, ಕಚ್ಚಾ ಕೆಲಸ ಎಡಕ್ಕೆ ಪೆನ್ಸಿಲ್ಲಿನಲ್ಲಿ. ಕಚ್ಚಾ ಕೆಲಸವನ್ನು ಯಾರು ಓದುತ್ತಾರೆ. ನಾನು ಬಲಪುಟಗಳನ್ನಷ್ಟೇ ಓದಿದೆ. ಆರನೆಯ ಪುಟದಲ್ಲಿ ಹೀಗಿತ್ತು.

"ಅಜ್ಜ ಹೇಳಿದ್ದು: ಮೊದಲನೆಯ ತುಯಿವಾಯ್‌ಗೆ ಸಾಕುಮಗಳೊಬ್ಬಳಿದ್ದಳು. ಅವಳನ್ನು ದೋಣಿಯವರು ಬಿಟ್ಟುಹೋಗಿದ್ದರು. ನಮ್ಮ ಮನೆತನ ಅವಳ ಮಗನಿಂದ ಬಂದದ್ದು."

ಮೋಲಿಯಾ ಮನೆತನದವರು ತಲೆಮಾರುಗಳಿಂದ ಹೇಳಿಕೊಂಡು ಬಂದದ್ದು ತಾವು ಮೊದಲ ತುಯಿವಾಯ್‌ನ ಹೊಟ್ಟೆಯ ಮಗನ ಸಂತಾನ ಅಂತ. ಸಾಕುಮಗಳ ಕಡೆಯವರು ಅಂದರೆ ರಕ್ತವೇ ಅಲ್ಲ. ಬಿರುದಿನ ಹತ್ತಿರವೂ ಸುಳಿಯುವಂತಿಲ್ಲ. ಹಳೆಯ ಪರೀಕ್ಷೆ ಪತ್ರಿಕೆಯ ಬೆನ್ನಿಗೆ ಆ ನಾಲ್ಕು ಸಾಲು ಇಳಿಸಿಕೊಂಡೆ. ನೋಟ್‌ಬುಕ್ಕುಗಳಿಗೆ ಮತ್ತೆ ದಾರ ಕಟ್ಟಿ, ಬೀಗ ಹಾಕಿ, ಕೀಲಿ ಒಪ್ಪಿಸಿದೆ.

"ಸಿಕ್ತಾ?" ಅಂದರು ಮಿಸ್.

"ಇರಲಿಲ್ಲ."

ಮಾವ ಆ ಕಾಗದವನ್ನು ಮೂರು ಸಲ ಓದಿಸಿ ಕೇಳಿದ. ಆಮೇಲೆ ಮಡಿಸಿ ಬೈಬಲ್ಲಿನೊಳಗೆ ಇಟ್ಟ.

ಊರ ಸಭೆ ಸೇರಿದ್ದು ಮುಂದಿನ ಸೋಮವಾರ ಬೆಳಿಗ್ಗೆ. ಬಿರುದಿನವರೆಲ್ಲ ತಮ್ಮ ತಮ್ಮ ಕಂಬಕ್ಕೆ ಒರಗಿ ಕೂತಿದ್ದರು. ನನಗೆ ಬಿರುದಿಲ್ಲ, ನನ್ನಂಥ ಗಂಡಸರು ಹಿಂದುಗಡೆ ಕೂತು ಆವಾ ಬೇರಿನ ಪಾನಕ ಕಲೆಸಿ ತೆಂಗಿನ ಚಿಪ್ಪಿನಲ್ಲಿ ಹಂಚಬೇಕು. ಶಾಲೆಗೆ ಎರಡು ಪೀರಿಯಡ್ ರಜೆ ಹೇಳಿ ಹೋಗಿದ್ದೆ. ಮಾತು ಬಿರುದಿನ ಕಡೆ ತಿರುಗಿದಾಗ ಮಾವ ಗಂಟಲು ಸರಿಮಾಡಿಕೊಂಡ.

"ದೊಡ್ಡವರ ಮುಂದೆ ಒಂದು ಮಾತು. ನಮ್ಮ ಮೋಲಿಯಾ ಅವರ ಮನೆತನದ ಬಗ್ಗೆ ನನಗೆ ಗೌರವ ಇದೆ. ಆದ್ರೆ ದೋಣಿಯವರು ಬಿಟ್ಟುಹೋದ ಸಾಕುಮಗಳ ಸಂತಾನ ತುಯಿವಾಯ್ ಕಂಬಕ್ಕೆ ಒರಗಬಹುದಾ ಅಂತ ಸಭೆ ಯೋಚನೆ ಮಾಡಬೇಕು."

ಮೋಲಿಯಾ ಸಿಟ್ಟಾಗಲಿಲ್ಲ. ಚಿಪ್ಪಿನಲ್ಲಿದ್ದದ್ದನ್ನು ಕುಡಿದು ಕೆಳಗಿಟ್ಟ.

"ಈ ಕಥೆ ನಿಮಗೆ ಯಾರು ಹೇಳಿದ್ರು, ಲೀಗಾ ಅವರೇ?"

"ಎಲ್ಲರಿಗೂ ಗೊತ್ತಿರೋದೇ."

"ಯಾರಿಗೂ ಗೊತ್ತಿಲ್ಲ. ಯಾಕಂದ್ರೆ ಅಂಥ ಸಾಕುಮಗಳು ಯಾರೂ ಇರಲಿಲ್ಲ. ಹೋದ ತಿಂಗಳು ಒಂದು ಸಂಜೆ ಕೂತು ನಾನೇ ಅವಳನ್ನ ಹುಟ್ಟಿಸಿದೆ. ಒಬ್ಬಳಿಗೇ ಹೇಳಿದೆ, ನನ್ನ ಮೊಮ್ಮಗಳಿಗೆ, ಶಾಲೆ ಪುಸ್ತಕದಲ್ಲಿ ಬರಿ ಅಂತ. ಆ ಬೀರುನಲ್ಲಿ ಹಾಕಿದ್ದು ಯಾವ ಬಾಗಿಲಿಂದ ಆಚೆ ಬರುತ್ತೆ ನೋಡೋಣ ಅನಿಸ್ತು." ಅವನು ನಕ್ಕ. "ನಿಮ್ಮ ಬಾಗಿಲಿಂದ ಬಂತು."

ಮಾವನ ಕತ್ತು ಕೆಂಪಾಯಿತು. ಸಭೆಯವರು ನೋಡಿದ್ದು ಮಾವನನ್ನು. ಯೋಚಿಸಿದ್ದು ಮಾರೇತಾ ಮಿಸ್ ಬಗ್ಗೆ. ಆ ಹೆಂಗಸೇ ಪುಟ ಕೊಟ್ಟಿದ್ದಾಳೆ, ನಾಳೆ ತನ್ನ ಅಣ್ಣನಿಗೆ ಲೀಗಾನ ಬೆಂಬಲ ಬೇಕಲ್ಲ, ಅದಕ್ಕೆ ಈ ಒಪ್ಪಂದ. ಯಾರೋ ಅದನ್ನು ಬಾಯಿಬಿಟ್ಟು ಹೇಳಿದರು. ಮಾವ ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. ಇನ್ನೊಬ್ಬರ ಮನೆತನವನ್ನು ಹೀಗಳೆದದ್ದಕ್ಕೆ ಅವನಿಗೆ ಒಂದು ದೊಡ್ಡ ಹಂದಿ, ಹತ್ತು ಪೆಟ್ಟಿಗೆ ಡಬ್ಬಿ ಮೀನು ದಂಡ ಬಿತ್ತು. ಹೆಡ್‌ಮಾಸ್ತರು ತನಿಯೇಲು ಅವರನ್ನು ಕರೆಸಿ, ಆ ಟೀಚರು ಇನ್ನು ಮೇಲೆ ನಮ್ಮ ಮಕ್ಕಳಿಗೆ ಚರಿತ್ರೆ ಕಲಿಸಬಾರದು ಅಂದರು.

ತನಿಯೇಲು ಒಳ್ಳೆಯವರು, ಗಟ್ಟಿಗರಲ್ಲ. ಶಾಲೆಯ ಜಾಗ ಊರಿನದು. ಮಧ್ಯಾಹ್ನವೇ ಮಿಸ್ಸನ್ನು ಕರೆದು, ಈ ವರ್ಷಕ್ಕೆ ಚರಿತ್ರೆ ಬೇಡ, ಒಂಬತ್ತನೆಯ ಕ್ಲಾಸಿಗೆ ಇಂಗ್ಲಿಷ್ ತಗೊಳ್ಳಿ ಅಂದರು. ಹದಿನಾಲ್ಕು ಮಕ್ಕಳನ್ನು ವ್ಯವಸಾಯ ವಿಜ್ಞಾನಕ್ಕೆ ಹಾಕಿದರು. ನೋಟ್‌ಬುಕ್ಕುಗಳನ್ನು ಶುಕ್ರವಾರದೊಳಗೆ ಮನೆಮನೆಗೆ ಹಿಂದಿರುಗಿಸಬೇಕು ಅಂತ ತೀರ್ಮಾನವಾಯಿತು.

ಮಿಸ್ ಒಂದೇ ಒಂದು ಕೇಳಿದರಂತೆ: "ಮಕ್ಕಳ ಜೊತೆ ಕೊನೆಯದಾಗಿ ಒಂದು ಪೀರಿಯಡ್ ಕೊಡಿ."

ಮರುದಿನ ಬೆಳಿಗ್ಗೆ ಅವರು ನನ್ನ ಕ್ಲಾಸಿನ ಬಾಗಿಲಿಗೆ ಬಂದರು. ಮಕ್ಕಳು ಇನ್ನೂ ಪ್ರಾರ್ಥನೆಯ ಬಯಲಿನಲ್ಲಿದ್ದರು.

"ಇಯಾಕೊಪೊ, ಒಂದು ಕಡೆ ಬರೆದ ಹಳೇ ಹಾಳೆ ಇದ್ರೆ ಕೊಡು. ಜಾಸ್ತಿ ಬೇಕು."

"ಯಾಕೆ ಮಿಸ್?"

"ಎಡಪುಟ ಮುಚ್ಚೋಕೆ. ಕೂವೆ ಗಂಜಿ ಕಾಯಿಸಿ ತಂದಿದ್ದೀನಿ. ಮನೆಗೆ ಹೋಗೋಕೆ ಮುಂಚೆ ಎಲ್ಲ ಎಡಪುಟಕ್ಕೂ ಹಾಳೆ ಅಂಟಿಸಿಬಿಡಲಿ."

ನಾನು ಕಪಾಟಿನಿಂದ ಕಟ್ಟು ತೆಗೆದುಕೊಟ್ಟೆ. ಅವರು ಹೋಗಲಿಲ್ಲ.

"ನೀನು ಎಡಗಡೆ ಓದಲಿಲ್ಲ, ಅಲ್ವಾ?"

ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನನ್ನ ಕೈ ತಾನಾಗಿ ಅಂಗಿಯ ಜೇಬಿಗೆ ಹೋಯಿತು. ಜೇಬಿನಲ್ಲಿ ಏನೂ ಇರಲಿಲ್ಲ.

"ಗ್ರಾಫ್ ಹಾಳೆ ಇರೋದು ನಿನ್ನ ಕ್ಲಾಸಿನ ಈ ಕಪಾಟಲ್ಲಿ," ಅಂದರು. "ನನ್ನ ಬೀರುನಲ್ಲಿ ಯಾಕಿರುತ್ತೆ? ನಿನ್ನೆ ಸಂಜೆ ಕೂತು ಯೋಚಿಸಿದಾಗ ಹೊಳೀತು. ಅವತ್ತೇ ಹೊಳೀಬೇಕಿತ್ತು. ಮಕ್ಕಳಿಗೆ ಹೇಳಿಕೊಡ್ತೀನಿ, ಕಣ್ಮುಂದೆ ನಿಂತು ಕೇಳಿದೋನ ಮುಖ ಓದೋಕೆ ನನಗೇ ಬರಲಿಲ್ಲ."

ಸೆಫಿನಾಳ ನೋಟ್‌ಬುಕ್ಕು ಅವರ ಕೈಯಲ್ಲೇ ಇತ್ತು. ಆರನೆಯ ಪುಟ ತೆರೆದು ಎಡಗಡೆ ಬೆರಳಿಟ್ಟು ನನ್ನ ಮುಂದೆ ಹಿಡಿದರು. ಪೆನ್ಸಿಲ್ಲಿನ ಸಣ್ಣ ಅಕ್ಷರ.

"ಅಜ್ಜ ಇದನ್ನು ಹೇಳುವಾಗ ನಾನು ಕೇಳದೆಯೇ ಹೇಳಿದ. ಬೇರೆ ದಿನ ಕೇಳಿದರೂ ಹೇಳುವುದಿಲ್ಲ. ಹೇಳುವಾಗ ಮುಖ ತಿರುಗಿಸಿ ನಕ್ಕ. ಈ ಸಾಕುಮಗಳಿಗೆ ಹೆಸರಿಲ್ಲ. ನಮ್ಮ ಕಥೆಗಳಲ್ಲಿ ನಾಯಿಗೂ ಹೆಸರಿರುತ್ತದೆ. ಇದು ನಿಜವಲ್ಲ ಅಂತ ನನ್ನ ಅನಿಸಿಕೆ. ಯಾರೋ ಓದಲಿ ಅಂತ ಅಜ್ಜ ಇದನ್ನು ಬರೆಸಿದ್ದಾನೆ."

ಹೇಳಿದ್ದು ಬಲಕ್ಕೆ, ಹೇಳಿದ್ದನ್ನು ಎಷ್ಟು ನಂಬಬಹುದು ಅನ್ನುವುದು ಎಡಕ್ಕೆ. ಅವರು ಮಕ್ಕಳಿಗೆ ಕೊಟ್ಟ ಕೆಲಸ ಅದಾಗಿತ್ತು. ಗೋಡೆಯ ಈಚೆಯಿಂದ ನಾನು ಕೇಳಿಸಿಕೊಂಡದ್ದು ಅರ್ಧ ಮಾತ್ರ.

"ಇದನ್ನ ಸಭೆಗೆ ತೋರಿಸಿ ಮಿಸ್," ಅಂದೆ. "ನಿಮಗೆ ಮೊದಲೇ ಗೊತ್ತಿತ್ತು ಇದು ಸುಳ್ಳು ಅಂತ. ಸುಳ್ಳನ್ನ ನೀವು ಯಾಕೆ ಮಾರ್ತೀರಿ. ಇದೊಂದು ತೋರಿಸಿದ್ರೆ ನಿಮ್ಮ ಮೇಲಿರೋದು ಹೋಗುತ್ತೆ."

"ಹೋಗುತ್ತೆ. ಆಮೇಲೆ ಆ ಹುಡುಗಿ ಸಾಯಂಕಾಲ ಅದೇ ಅಜ್ಜನ ಮನೇಲಿ ಊಟಕ್ಕೆ ಕೂರಬೇಕು." ಅವರು ಪುಸ್ತಕ ಮುಚ್ಚಿದರು. "ಹದಿನಾಲ್ಕೂ ಹೀಗೇ ಇದೆ. ಒಬ್ಬನಂತೂ ಅಜ್ಜಿ ಹೇಳಿದ್ದರಲ್ಲಿ ಮೂರು ಸುಳ್ಳು ಅಂತ ಪಟ್ಟಿ ಮಾಡಿದ್ದಾನೆ."

ಹಾಳೆಯ ಕಟ್ಟು ಎತ್ತಿಕೊಂಡು ಹೊರಟರು. ನಾನು ಕೇಳಬೇಕಾದ ಕ್ಷಮೆ ಬಾಯಲ್ಲೇ ಉಳಿಯಿತು. ಆ ಪೀರಿಯಡ್ ಪೂರ್ತಿ ಗೋಡೆಯಾಚೆ ಮಾತಿಲ್ಲ. ಹಾಳೆಯ ಸರಸರ, ಆಗಾಗ ಯಾರೋ ಮೂಗೆಳೆದುಕೊಳ್ಳುವ ಸದ್ದು. ಶುಕ್ರವಾರ ಮಿಸ್ ಒಬ್ಬರೇ ಬಿಸಿಲಲ್ಲಿ ಮನೆಮನೆಗೆ ಹೋಗಿ ಕಂಬದ ಹೊರಗೆ ಕೂತು ನೋಟ್‌ಬುಕ್ಕು ಒಪ್ಪಿಸಿ ಬಂದರು. ಪುಟ ತಿರುವಿದವರಿಗೆ ಎಡಗಡೆ ಕಂಡದ್ದು ನನ್ನ ಹಳೆಯ ಪ್ರಶ್ನೆಪತ್ರಿಕೆಗಳು. ನಮ್ಮತ್ತೆ ಅದಕ್ಕೂ ಒಂದು ಅರ್ಥ ಹಚ್ಚಿದಳು: "ಗುಟ್ಟಿನ ಲಿಪಿ ಇರಬೇಕು."

ಆ ವರ್ಷ ಉಳಿದದ್ದು ಏಳು ತಿಂಗಳು. ನಾನು ಒಂದು ದಿನವೂ ನೆಮ್ಮದಿಯಾಗಿರಲಿಲ್ಲ. ಮಿಸ್ ಇವತ್ತು ಹೇಳುತ್ತಾರೆ, ನಾಳೆ ಹೇಳುತ್ತಾರೆ ಅಂತ ಕಾದೆ. ಅವರು ತನಿಯೇಲು ಜೊತೆ ನಿಂತು ಮಾತಾಡಿದರೆ ನನ್ನ ಬಗ್ಗೆಯೇ ಅನಿಸುತ್ತಿತ್ತು. ನನಗೆ ಚಹಾ ಬಗ್ಗಿಸಿಕೊಟ್ಟರೆ ಯಾಕೆ ಕೊಟ್ಟರು ಅನಿಸುತ್ತಿತ್ತು. ತಪ್ಪು ಮಾಡಿದವನು ನಾನು, ಅನುಮಾನ ಪಡುತ್ತಿದ್ದವನೂ ನಾನೇ. ಅವರು ಯಾರಿಗೂ ಏನೂ ಹೇಳಲಿಲ್ಲ. ಒಂಬತ್ತನೆಯ ಕ್ಲಾಸಿಗೆ ಇಂಗ್ಲಿಷ್ ವ್ಯಾಕರಣ ಕಲಿಸಿದರು.

ಮುಂದಿನ ವರ್ಷ ಆಗಸ್ಟಿನಲ್ಲಿ ಅವರ ಅಣ್ಣ ನಿಜವಾಗಿಯೂ ಬಂದ. ಹೆಸರು ಫಿಲೆಮೋನಿ. ಆಕ್ಲೆಂಡಿನ ಯಾವುದೋ ಕಾರ್ಖಾನೆಯಲ್ಲಿ ಮೇಸ್ತ್ರಿ, ದಪ್ಪ ಮನುಷ್ಯ, ಬಿಗಿಯಾದ ಕೋಟು. ತುಯಿವಾಯ್ ಬಿರುದಿಗೆ ತಾನೂ ಹಕ್ಕುದಾರ ಅಂತ ಹೇಳಿಕೊಳ್ಳಲು ಚಾಪೆ, ಬಿಸ್ಕತ್ತಿನ ಡಬ್ಬ, ಉಪ್ಪುಮಾಂಸದ ಪೀಪಾಯಿ ಹೊತ್ತು ಸಭೆಗೆ ಬಂದ. ಊರು ಒಂದೂವರೆ ವರ್ಷದಿಂದ ಕಾಯುತ್ತಿದ್ದ ಮನುಷ್ಯ. ನಾನು ಹಿಂದುಗಡೆ ಆವಾ ಕಲೆಸುತ್ತ ಕೂತಿದ್ದೆ.

ಸಭೆ ಅವನ ವಂಶಾವಳಿ ಕೇಳಿತು. ಅವನು ಮೂರು ತಲೆಮಾರು ಹೇಳಿ ನಿಂತ. ನಾಲ್ಕನೆಯದು ಗೊತ್ತಿರಲಿಲ್ಲ. ಯಾರೋ ಕೆಮ್ಮಿದರು. ಹಿಂದಿನವರಲ್ಲಿ ಒಬ್ಬ ಕಿಸಕ್ಕೆಂದ. ಫಿಲೆಮೋನಿಗೆ ರೇಗಿತು.

"ನಗಬೇಡಿ. ಗೊತ್ತಾಗಬಹುದಿತ್ತು ನನಗೆ. ನನ್ನ ಸ್ವಂತ ತಂಗಿ ನಿಮ್ಮೂರಲ್ಲಿ ಟೀಚರು. ನಿಮ್ಮೆಲ್ಲರ ಮನೆ ವಂಶಾವಳಿ ಅವಳ ಬೀರುನಲ್ಲಿತ್ತು. ಪ್ರತಿ ವಾರ ಫೋನು ಮಾಡಿದೆ, ಶಾಲೆ ಫೋನಿಗೆ. ಒಂದು ಪುಟ ಕಳಿಸು, ಅಪ್ಪನ ಊರು ಅದು ಅಂದೆ. ಮಕ್ಕಳು ಅಂಕಕ್ಕೆ ಬರೆದಿದ್ದು ನಿನಗಲ್ಲ ಅಂತ ಇಟ್ಟುಬಿಟ್ಲು. ಆಮೇಲಾಮೇಲೆ ಫೋನೇ ಎತ್ತಲಿಲ್ಲ. ಅಂಥ ತಂಗಿ ಇದ್ರೆಷ್ಟು ಬಿಟ್ರೆಷ್ಟು."

ಅವನು ತಂಗಿಯನ್ನು ಬೈಯುತ್ತಿದ್ದ. ಹೊಗಳಲು ಬಂದವನಾಗಿದ್ದರೆ ಯಾರೂ ನಂಬುತ್ತಿರಲಿಲ್ಲ. ಮೋಲಿಯಾ ಬೆನ್ನು ನೆಟ್ಟಗೆ ಮಾಡಿ ಕೂತ.

"ನಿಮಗೆ ಒಂದು ಪುಟಾನೂ ಕೊಡಲಿಲ್ಲ?"

"ಒಂದು ಅಕ್ಷರ ಕೊಡಲಿಲ್ಲ."

ಮೋಲಿಯಾ ನಮ್ಮ ಮಾವನ ಕಡೆ ತಿರುಗಿದ. "ಒಡಹುಟ್ಟಿದ ಅಣ್ಣನಿಗೆ ಕೊಡದೋಳು ನಿಮಗೆ ಕೊಟ್ಲಾ, ಲೀಗಾ ಅವರೇ?"

ಮಾವ ಚಾಪೆಯ ಅಂಚು ಎಳೆಯುತ್ತ ಕೂತ. ಆಮೇಲೆ ಆ ಮುದುಕನ ಕಣ್ಣು ನಿಧಾನವಾಗಿ ಸಭೆಯ ಹಿಂಬದಿಗೆ ಬಂತು, ನನ್ನ ಮೇಲೆ ನಿಂತಿತು. ನಾನು ಚಿಪ್ಪು ಕೆಳಗಿಟ್ಟೆ. ಬಿರುದಿಲ್ಲದವನು ಸಭೆಯಲ್ಲಿ ಮಾತಾಡುವಂತಿಲ್ಲ. ಮಾತಾಡಿದೆ.

"ನಾನು ಕದ್ದೆ. ಮಿಸ್‌ಗೆ ಸುಳ್ಳು ಹೇಳಿ ಕೀಲಿ ಇಸ್ಕೊಂಡೆ."

ಮಾವ ಕಳಿಸಿದ ಅಂತ ನಾನು ಹೇಳಲಿಲ್ಲ. ಹೇಳುವ ಅಗತ್ಯ ಯಾರಿಗೂ ಇರಲಿಲ್ಲ.

ಸಭೆ ನನಗೆ ದಂಡ ಹಾಕಿತು, ಮಾವನಿಗೆ ಇನ್ನೊಂದು ಸಲ ಹಾಕಿತು. ಮರುದಿನ ಬೆಳಿಗ್ಗೆ ನಾನೂ ಮಾವನೂ ಟೀಚರ ವಸತಿಯ ಮುಂದಿನ ಅಂಗಳದಲ್ಲಿ ಹೋಗಿ ಕೂತೆವು. ತಪ್ಪು ಒಪ್ಪಿಕೊಳ್ಳುವಾಗ ನವಿರು ಚಾಪೆಯನ್ನು ತಲೆಯ ಮೇಲೆ ಹೊದ್ದು, ಮನೆಯವರು ಹೊರಗೆ ಬಂದು ಅದನ್ನು ಎತ್ತುವ ತನಕ ಬಿಸಿಲಲ್ಲಿ ಕೂರಬೇಕು. ಕೆಲವು ಮನೆಯವರು ಸಂಜೆಯ ತನಕ ಕೂರಿಸುತ್ತಾರೆ. ಚಾಪೆಯೊಳಗೆ ಮಾವನ ಉಸಿರು ನನಗೆ ಕೇಳುತ್ತಿತ್ತು. "ಗೆಡ್ಡೆ ಕಳಿಸೋದು ನಿಲ್ಲಿಸಿದ್ವಲ್ಲ, ಸಂಜೆ ತನಕ ಕೂರಿಸ್ತಾಳೆ ನೋಡು," ಅಂದ ಪಿಸುಮಾತಿನಲ್ಲಿ.

ಐದು ನಿಮಿಷವೂ ಆಗಿರಲಿಲ್ಲ, ಚಾಪೆ ಎದ್ದಿತು.

"ಒಳಗೆ ಬನ್ನಿ. ನನಗೆ ಎಂಟೂವರೆಗೆ ಕ್ಲಾಸಿದೆ," ಅಂದರು ಮಿಸ್.

ಅದರ ಮುಂದಿನ ವರ್ಷ ಚರಿತ್ರೆ ಮತ್ತೆ ಶುರುವಾಯಿತು. ಏಳು ಮಕ್ಕಳು ಸೇರಿದರು, ಅದರಲ್ಲಿ ಮೂವರು ಬೇರೆ ಊರಿನವರು. ಜನ ಒಂದು ವಿಚಿತ್ರ ಶುರುಹಚ್ಚಿಕೊಂಡರು. ಅಣ್ಣನಿಗೂ ಪುಟ ಕೊಡದ ಹೆಂಗಸು ಅಂತ ಹೆಸರಾದ ಮೇಲೆ ಹಿರಿಯರು ತಾವಾಗಿಯೇ ಶಾಲೆಗೆ ಬರತೊಡಗಿದರು, ಕಂಕುಳಲ್ಲಿ ಕಪ್ಪು ರಟ್ಟಿನ ಪುಸ್ತಕ. ನಮ್ಮದನ್ನೂ ನಿಮ್ಮ ಬೀರುನಲ್ಲಿಟ್ಟುಕೊಳ್ಳಿ, ಮನೇಲಿ ಗೆದ್ದಲು ಅನ್ನುವರು. ಮಿಸ್ ಪ್ರತಿಯೊಬ್ಬರ ಮುಖವನ್ನೂ ಸ್ವಲ್ಪ ಹೊತ್ತು ನೋಡಿ, ಬೇಡ ಅನ್ನುವರು.

"ಯಾಕೆ ಬೇಡ?" ಅಂತ ನಾನೊಂದು ಸಲ ಕೇಳಿದೆ.

"ಗೆದ್ದಲು ಇರೋರು ಸೀಮೆಎಣ್ಣೆ ಕೇಳ್ತಾರೆ. ಇವರು ಕೇಳ್ತಿರೋದು ಸಾಕ್ಷಿ."

ಬಿರುದು ಕೊನೆಗೆ ಮಾವನಿಗೂ ಮೋಲಿಯಾನಿಗೂ ಹಂಚಿಕೆಯಾಯಿತು. ಅಂದಿನಿಂದ ನಮ್ಮೂರಲ್ಲಿ ಇಬ್ಬರು ತುಯಿವಾಯ್, ಒಬ್ಬರಿಗೊಬ್ಬರು ಎದುರು ಕಂಬ. ಮಾವ ಆಮೇಲೆ ನಾಲ್ಕು ವರ್ಷ ಬದುಕಿದ್ದ. ಫಿಲೆಮೋನಿ ಮತ್ತೆ ಬರಲಿಲ್ಲ, ತಂಗಿಯ ಜೊತೆ ಮಾತೂ ಆಡಲಿಲ್ಲ. ಸೆಫಿನಾಗೆ ನಷ್ಟವಾದದ್ದು ಮಾತ್ರ ತುಂಬಿಬರಲಿಲ್ಲ. ವ್ಯವಸಾಯ ವಿಜ್ಞಾನದಲ್ಲಿ ಅವಳು ನಪಾಸಾದಳು, ಮುಂದೆ ಓದಲಿಲ್ಲ. ಈಗ ದೋಣಿಕಟ್ಟೆಯ ಕಿಟಕಿಯಲ್ಲಿ ಟಿಕೆಟ್ ಕೊಡುತ್ತಾಳೆ. ನನ್ನನ್ನು ಕಂಡರೆ ಮೇಷ್ಟ್ರೇ ಅನ್ನುತ್ತಾಳೆ, ಚಿಲ್ಲರೆ ಎಣಿಸಿ ಕೊಡುತ್ತಾಳೆ, ಅದಕ್ಕಿಂತ ಹೆಚ್ಚು ಮಾತಿಲ್ಲ. ಅವಳಿಗೆ ಏನು ಹೇಳಬೇಕು ಅಂತ ನನಗೆ ಇವತ್ತಿಗೂ ತಿಳಿದಿಲ್ಲ.

ಮಾರೇತಾ ಮಿಸ್ ನಮ್ಮಲ್ಲಿ ಒಂಬತ್ತು ವರ್ಷ ಇದ್ದು ನಿವೃತ್ತರಾಗಿ ಉಪೋಲುಗೆ ಹೋದರು. ಹೊರಟ ದಿನ ನಮ್ಮತ್ತೆ ಎಲೆಪೊಟ್ಟಣದ ಬುಟ್ಟಿ ಕೊಟ್ಟಳು. ಮಿಸ್ ಅದನ್ನು ದೋಣಿಯಲ್ಲಿ ತಿಂದರೋ ಇಲ್ಲವೋ ಅಂತ ಆಮೇಲೆ ವಾರಗಟ್ಟಲೆ ವಿಚಾರಿಸಿದಳು.

ಹೋದ ಡಿಸೆಂಬರಿನಲ್ಲಿ ಪರೀಕ್ಷೆ ಕೆಲಸಕ್ಕೆ ಉಪೋಲುವಿನ ಆಪಿಯಾ ಪಟ್ಟಣಕ್ಕೆ ಹೋದಾಗ ಅವರ ಮನೆ ಹುಡುಕಿಕೊಂಡು ಹೋದೆ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಕೋಕೋ ಕಾಯಿಸಲು ಇಟ್ಟು ಎದುರು ಕೂತರು. ಎಷ್ಟೋ ವರ್ಷದಿಂದ ಒಳಗಿದ್ದದ್ದನ್ನು ಕೇಳಿಬಿಟ್ಟೆ.

"ಮಿಸ್, ನೀವು ನಮ್ಮೂರಿಗೆ ಬಂದಾಗ ಅಪ್ಪನ ಊರು ಅಂತ ಗೊತ್ತಿತ್ತಾ?"

"ಗೊತ್ತಿತ್ತು. ನಾನೇ ಕೇಳಿ ವರ್ಗ ಹಾಕಿಸ್ಕೊಂಡೆ."

"ಹಾಗಾದ್ರೆ ಊರಿನವರು ಅನುಮಾನ ಪಟ್ಟಿದ್ದು—"

"ಅರ್ಧ ಸರಿ." ಎದ್ದು ಹೋಗಿ ಕೋಕೋ ತಿರುವಿದರು. "ಅಪ್ಪ ಹುಟ್ಟಿದ ಮನೆ ನೋಡಬೇಕಿತ್ತು. ಎರಡನೇ ದಿನವೇ ನೋಡಿದೆ. ಚರ್ಚಿನ ಹಿಂದೆ ಕಲ್ಲಿನ ಜಗಲಿ ಉಳಿದಿದೆಯಲ್ಲ, ಮೇಲೆ ಹಂದಿ ಮಲಗಿರ್ತಾವೆ, ಅದು. ಹಂದಿಗಳು ಏಳಲೂ ಇಲ್ಲ. ನೋಡಿ ವಾಪಸ್ ಬಂದೆ. ಅಷ್ಟೇ ಇದ್ದದ್ದು."

"ಬಿರುದಿನ ಆಸೆ?"

"ನೀನೇನು ಅಂದ್ಕೊಂಡಿದ್ದೀಯ?"

ನಾನು ಅವರ ಮುಖ ನೋಡಿದೆ, ಅವರು ಮಕ್ಕಳಿಗೆ ಹೇಳಿಕೊಟ್ಟ ಹಾಗೆಯೇ. ಏನೂ ಗೊತ್ತಾಗಲಿಲ್ಲ. ಇರಲಿಲ್ಲ ಅಂದ್ಕೊಂಡಿದ್ದೀನಿ ಮಿಸ್, ಅಂದೆ. ಅವರು ನಕ್ಕು ಲೋಟ ತುಂಬಿ ನನ್ನ ಮುಂದಿಟ್ಟರು, ಬಿಸಿಯಿದೆ, ನಿಧಾನಕ್ಕೆ ಕುಡಿ ಅಂದರು. ಆಸೆ ಇರಲಿಲ್ಲ ಅಂತ ಮುಕ್ಕಾಲು ಪಾಲು ನಂಬಿದೆ. ಉಳಿದ ಕಾಲು ಪಾಲನ್ನು ಮುಂದೆ ಕೇಳಲು ಹೋಗಲಿಲ್ಲ.